ಕೂಸಿನ ಕಿವಿ

ಬೆಳಗಾವಿ

ಅವ್ವಗ ಪ್ರಸಾದ ಮಾಡುವ ನಮಸ್ಕಾರ.

ಫೋನಿನ್ಯಾಗ ಹೇಳಿದ್ರ ನಡುವ ಬೈತಿ, ಅದಕ್ಕ ಬರ್ಯಾಕತ್ತೀನಿ. ತಾಟ ಬಡದರೂ ಕೂಸು ಬೆಚ್ಚಲಿಲ್ಲಂತ ಊರಾಗ ನೀ ಅತ್ತಿದ್ದಿಯಲ್ಲ, ಇವತ್ತ ಇಲ್ಲೇ ಸದಾಶಿವನಗರದ ದವಾಖಾನ್ಯಾಗ ಅಕಿ ಕಿವಿ ತಪಾಸಣಿ ಆತು. ಕೂಸು ಮಲಗಿದ್ರಷ್ಟ ಮಷೀನ್ ಹಚ್ಚತಾರಂತ. ಮೇಘಾ ಎರಡ ತಾಸು ತೊಡಿ ಮ್ಯಾಲ ಹಾಕ್ಕೊಂಡು ತೂಗಿದ್ಳು, ಕೂಸು ಮಲಗಲಿಲ್ಲ.

ಡಾಕ್ಟರ್ ಬಾಯಾರು, “ನಾಳೆ ಬರ್ರಿ” ಅಂದ್ರು.

ನನಗೆಲ್ಲಿ ತಡಕೊಳ್ಳಾಕ ಆಗತೈತಿ? ತಾಯಿ ಮಗಳನ್ನ ಬೈಕಿನ ಮ್ಯಾಲ ಕುಂದ್ರಿಸಿಕೊಂಡು ಓಣಿ ಸುತ್ತಿದೆ. ಮೂರನೇ ಸುತ್ತಿಗೆ ಮಲಕೊಂಡ್ಳು. ಹಂಗ ಎತ್ತಿಕೊಂಡು ಒಳಗ ಒಯ್ದಿವಿ.

ಡಾಕ್ಟರ್ ಬಾಯಾರು ಮಷೀನ್ ಹಚ್ಚಿ ನೋಡಿ, “ಎರಡೂ ಕಿವಿ ಚಲೋ ಅದಾವ್ರೀ” ಅಂದ್ರು. ಮೇಘಾ ನಕ್ಕೋತ ಅತ್ತಳು.

ನಿನ್ನ ಹಳೇ ಕೌದಿ ಕಳಸು, ಬೈಕಿನ ಮ್ಯಾಲ ಕೂಸಿಗೆ ಗಾಳಿ ಹತ್ತತೈತಿ. ಇನ್ನ ನನಗ ತಿರುಬೋಕಿ ಅಂತ ಕೂಸಿನ ಮುಂದ ಬೈಬ್ಯಾಡ. ಅಕಿಗೆ ಎಲ್ಲಾ ಕೇಳಸತೈತಿ.

ನಿನ್ನ ತಿರುಬೋಕಿ ಮಗ,
ಪ್ರಸಾದ