ಹೋದ ತಿಂಗಳ ಬೆಲೆ

ಫೆಬ್ರವರಿ 11, ಮಂಗಳವಾರ

ಬೆಳಿಗ್ಗೆ ವೆಂಡೆಲ್ ಅವರ ಶೋರೂಮ್. ಟೆಲಿಗ್ರಾಫ್ ರಸ್ತೆ ತುಂಬ ಕೆಸರಾದ ಹಿಮ. ಅದೇ ಏಳು ಸೀಟಿನ ಕಾರು, ಅದೇ ಇಂಜಿನ್. ಗಾಜಿಗೆ ಅಂಟಿಸಿದ ಬೆಲೆ ನನಗೆ ಬೇಡ, ಅದು ಊರಿಗೇ ಕಾಣುತ್ತದೆ. ಚೌಕಾಸಿಯೆಲ್ಲ ಮುಗಿದ ಮೇಲೆ ಗಿರಾಕಿ ನಿಜವಾಗಿ ಕೊಟ್ಟದ್ದೆಷ್ಟು — ಅದು ಬೇಕು. ಹೇಳಲೇಬೇಕೆಂಬ ಕಾನೂನಿಲ್ಲ. ಯಾರಿಗೂ ತಿಳಿಯದೆಂಬ ನಮ್ಮ ಮಾತು ನಂಬಿ ಹೇಳುತ್ತಾರೆ. ಡೆಟ್ರಾಯಿಟ್ ಸುತ್ತಿನ ಹೊಸ ವಾಹನಗಳಿಗೆ ನಮ್ಮ ಸರ್ಕಾರಿ ಕಚೇರಿ ಲೆಕ್ಕ ಹಾಕುವ ಬೆಲೆ ಸೂಚ್ಯಂಕ ನಿಂತಿರುವುದು ಅಷ್ಟರ ಮೇಲೆ.

ಕಾರು ಮಾರುವ ಯೋಲಾಂಡ ಛೇಡಿಸಿದಳು. "ಮೂರು ವರ್ಷದಿಂದ ಬರೀ ರೇಟ್ ಕೇಳ್ತಿದ್ದೀರಲ್ಲ ಮೇಡಂ. ನಮ್ಮಜ್ಜಿ ಮಾರ್ಕೆಟ್ಟಲ್ಲಿ ಹೀಗೇ ಮಾಡ್ತಿದ್ರು. ಕೊನೆಗೆ ಮೀನಿನವನು ಓಡಿಸಿದ."

"ಸುಮ್ನಿರೇ," ಎಂದರು ವೆಂಡೆಲ್. "ಬೆಲೆಯಮ್ಮನ್ನ ಓಡಿಸಿದ್ರೆ ನನ್ನ ಜೊತೆ ಕಾಫಿ ಕುಡಿಯೋರ್ಯಾರು?" ಬೆಲೆ ಹೋದ ತಿಂಗಳದ್ದೇ, ಬದಲಾಗಿಲ್ಲ.

ಮಧ್ಯಾಹ್ನ ರಸ್ತೆಯ ಎದುರು ಬದಿಯ ಟ್ರಾಸ್ಕ್‌ನ ಶೋರೂಮ್. ಅದೇ ಕಂಪನಿಯ ಕಾರುಗಳೇ. ಹೋದ ತಿಂಗಳ ಬೆಲೆ ಓದಿ, "ಈಗೆಷ್ಟು?" ಎಂದು ಕೇಳುವುದು ನಮ್ಮ ರೂಢಿ. ಓದಿದೆ. ಟ್ರಾಸ್ಕ್ ತಲೆ ಎತ್ತಿದ.

"ಅದು ನಮ್ಮ ರೇಟಲ್ಲವಲ್ಲ ಮೇಡಂ."

ಟ್ಯಾಬ್ಲೆಟ್ ನೋಡಿದೆ. ವೆಂಡೆಲ್ ಅವರ ಪುಟ ಇನ್ನೂ ತೆರೆದೇ ಇತ್ತು.

"ತಪ್ಪು ಸಾಲು ಓದಿದೆ," ಅಂದೆ. ಆತ ನಕ್ಕ. ಪೆನ್ನು ತೆಗೆದು ಅಂಗೈ ಮೇಲೆ ಬರೆದುಕೊಂಡ. ನಿಧಾನವಾಗಿ, ನನ್ನೆದುರೇ.

ಫೆಬ್ರವರಿ 12

ನಿದ್ದೆ ಇಲ್ಲ. ಮೇಲಧಿಕಾರಿ ಬರ್ನಿಸ್‌ಗೆ ಫೋನ್ ಮಾಡಿ ಹೇಳಿದೆ.

"ಯಾರ ರೇಟು ಅಂತ ಹೇಳಿದ್ಯಾ?"

"ಇಲ್ಲ."

"ಹಾಗಾದ್ರೆ ಒಂದು ಸಂಖ್ಯೆ ಓದಿದ್ದೀಯ, ಅಷ್ಟೆ. ಸಂಖ್ಯೆಗೆ ಹೆಸರಿರಲ್ಲ ರೆನಾಟ. ನೀನು ಹೇಳಿಲ್ಲ, ನಾನು ಕೇಳಿಲ್ಲ."

ಆ ರಸ್ತೆಯಲ್ಲಿ ಆ ಕಾರು ಮಾರುವವರು ಇಬ್ಬರೇ.

ಗುಟ್ಟು ಬಿಟ್ಟುಕೊಡುವುದಿಲ್ಲವೆಂದು ಪ್ರತಿ ವರ್ಷ ಸಹಿ ಹಾಕುವ ಕಾಗದದಲ್ಲಿ ಜೈಲು ಎಂಬ ಪದವಿದೆ. ಇಷ್ಟು ದಿನ ಅದರ ಮೇಲೆ ಕಣ್ಣಾಡಿಸಿ ಮುಂದೆ ಹೋಗುತ್ತಿದ್ದೆ…

ಫೆಬ್ರವರಿ 20, ಸಂಜೆ

ಟ್ರಾಸ್ಕ್ ಅಂಗಳದಲ್ಲಿ ಹೊಸ ಬೋರ್ಡು. ಕೆಂಪು ಅಂಕಿಗಳು. ಅದೇ ಕಾರಿಗೆ ವೆಂಡೆಲ್ ಅವರ ಒಳಗಿನ ಬೆಲೆಗಿಂತ ಇನ್ನೂರು ಡಾಲರ್ ಕಡಿಮೆ. ಸರಿಯಾಗಿ ಇನ್ನೂರು. ಕಾಕತಾಳೀಯ ಇರಬಹುದು. ಇರಲಿಕ್ಕಿಲ್ಲ.

ಮನೆಗೆ ಬಂದು ಕವಿತೆಯ ಪುಸ್ತಕ ಹಿಡಿದೆ. ಒಂದೇ ಸಾಲಿನ ಮೇಲೆ ಕಣ್ಣು ಮತ್ತೆ ಮತ್ತೆ. ಎಲ್ಲಿ ಗಟ್ಟಿಯಾಗಿ ಓದಿಬಿಡುತ್ತೇನೋ ಎಂಬಂತೆ ತುಟಿ ಬಿಗಿದುಕೊಂಡಿದ್ದೆ. ಮನೆಯಲ್ಲಿ ಯಾರೂ ಇಲ್ಲ. ಆದರೂ.

ಮಾರ್ಚ್ 4, ಮಂಗಳವಾರ

ನಾಳೆಯಿಂದ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು. ಇವತ್ತು ಊರೆಲ್ಲ ಪೂಂಚ್ಕಿ, ಜಾಮ್ ತುಂಬಿ ಕರಿದ ಬನ್ನು, ತಿನ್ನುತ್ತದೆ. ವೆಂಡೆಲ್ ಮೇಜಿನ ಮೇಲೂ ಒಂದು ಡಬ್ಬಿ. ಯಾರೂ ಮುಟ್ಟಿರಲಿಲ್ಲ.

"ಬಾಗಿಲು ಹಾಕಿ ಬೆಲೆಯಮ್ಮ."

ಹಾಕಿದೆ.

"ಎದುರಿನೋನು ನನ್ನ ಒಳಗಿನ ರೇಟಿಗಿಂತ ಸರಿಯಾಗಿ ಇನ್ನೂರು ಕಮ್ಮಿಗೆ ಮಾರ್ತಿದಾನೆ. ಅದು ಗೊತ್ತಿದ್ದದ್ದು ನನಗೆ, ಯೋಲಾಂಡಗೆ. ಅವಳ ಭಾವ ಅಲ್ಲೇ ಕಾರ್ ತೊಳೀತಾನೆ. ಇನ್ನೇನು ಬೇಕು?"

"ನನಗೂ ಗೊತ್ತಿತ್ತಲ್ಲ." ದನಿ ನನ್ನದೆನಿಸಲಿಲ್ಲ.

ಅವರು ನಕ್ಕುಬಿಟ್ಟರು. "ನಿಮ್ಮನ್ನ ಲೆಕ್ಕಕ್ಕೆ ಹಿಡೀತಾರಾ? ನೀವು ಪಾದ್ರಿ ಇದ್ದ ಹಾಗೆ, ಕೇಳಿದ್ದು ಹೊರಗೆ ಬಿಡಲ್ಲ. ಶುಕ್ರವಾರ ಅವಳನ್ನ ಕೆಲಸದಿಂದ ತೆಗೀತೀನಿ."

ಬಾಯಿ ತೆರೆದೆ. ಪೂಂಚ್ಕಿ ಡಬ್ಬಿ ನನ್ನ ಕಡೆ ತಳ್ಳಿದರು. ಒಂದು ತೆಗೆದುಕೊಂಡೆ. ದೇವರೇ, ತಿಂದೆ ಕೂಡ.

ಹೊರಗೆ ಯೋಲಾಂಡ: "ಇವತ್ತು ಯಾಕೋ ಯಾರೂ ನನ್ನ ಬೈತಿಲ್ಲ ಮೇಡಂ. ಸಾಹೇಬ್ರು ಗುಡ್ ಮಾರ್ನಿಂಗ್ ಬೇರೆ ಅಂದ್ರು. ಭಯ ಆಗ್ತಿದೆ."

ಮಾರ್ಚ್ 5

ಮತ್ತೆ ಬರ್ನಿಸ್‌ಗೆ ಫೋನ್. ವೆಂಡೆಲ್‌ಗೆ ನಿಜ ಹೇಳಿಬಿಡಲೇ ಎಂದು ಕೇಳಿದೆ.

"ವೆಂಡೆಲ್‌ಗೆ ಹೇಳಿದ್ರೆ, ಟ್ರಾಸ್ಕ್ ಕೂಡ ನಮಗೆ ರೇಟ್ ಕೊಡ್ತಾನೆ ಅಂತ ಹೇಳಿದ ಹಾಗಾಯ್ತು. ಅದೂ ಗುಟ್ಟೇ. ಮೊದಲನೇದು ಬಾಯ್ತಪ್ಪು. ಇದು ಗೊತ್ತಿದ್ದೂ ಮಾಡಿದ್ದು. ಜೈಲು ಇರೋದು ಗೊತ್ತಿದ್ದೂ ಮಾಡಿದ್ದಕ್ಕೆ."

"ಮೇಲಿನವರಿಗೆ ಬರೆದರೆ?"

"ಬರಿ. ತನಿಖೆ ಮುಗಿಯೋ ಹೊತ್ತಿಗೆ ಜೂನ್ ಬಂದಿರುತ್ತೆ. ಅಲ್ಲಿವರೆಗೂ ತುಟಿ ಬಿಚ್ಚೋ ಹಾಗಿಲ್ಲ."

"ಅವಳ ಕೆಲಸ ಹೋಗುತ್ತೆ ಬರ್ನಿಸ್."

"ನಿಂದು ಹೋಗ್ಬೇಕಾ?"

ಅವಳು ಫೋನ್ ಇಟ್ಟಳು. ಒಂದು ತಪ್ಪು ತೊಳೆಯಲು ಇನ್ನೊಂದು, ಅದೂ ಕಣ್ಣು ತೆರೆದುಕೊಂಡು. ಎಷ್ಟು ಸುತ್ತಿ ಬಂದರೂ ಅಲ್ಲಿಗೇ.

ಮಾರ್ಚ್ 7, ಶುಕ್ರವಾರ, ಬೆಳಿಗ್ಗೆ

ವೆಂಡೆಲ್ ಅಂಗಳದಲ್ಲಿ ಕಾರು ನಿಲ್ಲಿಸಿ ಕೂತಿದ್ದೇನೆ. ಪುಸ್ತಕ ಸ್ಟಿಯರಿಂಗ್ ಮೇಲೆ ಒರಗಿಸಿ ಬರೆಯುತ್ತಿದ್ದೇನೆ. ಇವತ್ತು ಬೆಲೆ ಕೇಳುವ ದಿನವಲ್ಲ. ನನಗಿಲ್ಲಿ ಕೆಲಸವೇ ಇಲ್ಲ.

ಗಾಜಿನಾಚೆ ಯೋಲಾಂಡ ಗಿರಾಕಿಯೊಬ್ಬನಿಗೆ ಡಿಕ್ಕಿ ತೆರೆದು ತೋರಿಸುತ್ತಿದ್ದಾಳೆ. ಏನೋ ಹೇಳಿ ನಗಿಸಿದಳು. ವೆಂಡೆಲ್ ಕೋಣೆಯ ಬಾಗಿಲಿಗೆ ಬಂದು ಅವಳನ್ನು ಕರೆದರು. ಅವಳು ಬೆರಳೆತ್ತಿ, ಒಂದು ನಿಮಿಷ ಎಂದಳು. ಅವರು ಕದಲಲಿಲ್ಲ.

ನನ್ನ ಕಾರು ಕಂಡಿತು ಅವರಿಗೆ. ಆಮೇಲೆ ಬನ್ನಿ ಎಂದು ಸನ್ನೆ ಮಾಡಿದರು. ಆಮೇಲೆ — ಅಂದರೆ ಅವಳು ಹೋದ ಮೇಲೆ.

ಅವಳು ಒಳಗೆ ಹೋಗುತ್ತಿದ್ದಾಳೆ. ಸನ್ನೆ ಅರ್ಥವಾಗದವಳಂತೆ ಇಳಿದುಬಿಡುತ್ತೇನೆ. ಬಾಗಿಲು ಮುಚ್ಚುವ ಮೊದಲು ಹೇಳಿಬಿಡಬೇಕು: ಅವಳಲ್ಲ, ನಾನು.