ಬರಿ ಡಬ್ಬಿ ಕೊಡಬಾರದು

ವಾರಿಜಕ್ಕಾ,

ನಿಮ್ಮ ಪತ್ರೊಡೆಯ ಸ್ಟೀಲ್ ಡಬ್ಬಿ ಇನ್ನೂ ನನ್ನ ಅಡುಗೆಮನೆಯ ಶೆಲ್ಫಿನ ಮೇಲೇ ಇದೆ. ನೀವು ಹೋಗಿ ಎಂಟು ತಿಂಗಳಾಯಿತು. ಬರಿ ಡಬ್ಬಿ ಹೇಗೆ ಕೊಡುವುದು, ಶೇಂಗಾ ಹೋಳಿಗೆ ಮಾಡಿ ತುಂಬಿಸಿ ಕೊಟ್ಟರಾಯಿತು ಎಂದು ಇಟ್ಟುಕೊಂಡಿದ್ದೆ. ಅಷ್ಟರಲ್ಲಿ ನೀವು... ಇರಲಿ. ಅಳುವುದಕ್ಕೆಂದು ಈ ಪತ್ರ ಬರೆಯುತ್ತಿಲ್ಲ. ನಿಮಗೊಂದು ತಪ್ಪೊಪ್ಪಿಗೆ ಇದೆ, ಅದರ ಬೆನ್ನಿಗೇ ಒಂದು ಸಿಹಿ ಸುದ್ದಿಯೂ ಇದೆ.

ನಮ್ಮ ಸಂಸ್ಥೆ ಹುಟ್ಟಿದ ದಿನ ನೆನಪಿದೆಯಾ? ಎಂದಿನಂತೆ ನಾನು ಕಲ್ಯಾಣದಲ್ಲಿ ಲೇಡೀಸ್ ಡಬ್ಬಿ ಹತ್ತಿ ಬ್ಯಾಗಿಟ್ಟು ಸೀಟು ಹಿಡಿದಿದ್ದೆ, ನೀವು ಡೊಂಬಿವಲಿಯಲ್ಲಿ ನುಗ್ಗಿ ಬಂದಿರಿ. ಹಗಲೆಲ್ಲ ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿ ದುಡಿದು, ರಜೆಯ ದಿನ ಮನೆಯಲ್ಲಿ ಕೂತು ಕನ್ನಡ ಲೈಬ್ರರಿಗಳಿಗೆಂದು ಪ್ರೋಗ್ರಾಮ್ ಬರೆದವರು ನೀವು. ಅದನ್ನು ಮಾರುವುದಿಲ್ಲ, ಕೇಳಿದವರಿಗೆಲ್ಲ ಕೊಡುತ್ತೇನೆ, ಅದರ ಹಿಂದಿನ ಕೋಡ್ ಸಾಲುಗಳನ್ನೂ ಕೊಡುತ್ತೇನೆ, ಬಲ್ಲವರು ತಿದ್ದಲಿ ಎಂದು ಹಟ ಹಿಡಿದಿದ್ದಿರಿ. ಸಂಸ್ಥೆ ನೋಂದಾಯಿಸಲು ಏಳು ಸಹಿ ಬೇಕಿತ್ತು. ಎದುರು ಸೀಟಿನಲ್ಲಿ ಬಟಾಣಿ ಸುಲಿಯುತ್ತಿದ್ದ ಜೋಶಿಬಾಯಿ ಕಾಗದ ನೋಡಿ, ಪುಕ್ಕಟೆ ಯಾಕೆ ಕೊಡಬೇಕು ಎಂದು ಹುಬ್ಬೇರಿಸಿದರು. "ಪಣ್ ಫುಕಟ್ ಕಶಾಲಾ ದ್ಯಾಯಚಂ?"

"ಬಾಯಿ, ಮೇರಾ ಡಬ್ಬಾ ಆಪ್ ಖಾಲಿ ವಾಪಸ್ ದೇತೇ ಹೈ ಕ್ಯಾ?" ಎಂದಿರಿ ನೀವು.

"ಛೇ! ಖಾಲಿ ಡಬ್ಬಾ ಕೋಣ್ ದೇತಂ?"

"ತೋ ಬಸ್!" ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದಿರಿ. "ಬರಿ ಡಬ್ಬಿ ವಾಪಸ್ ಕೊಡ್ಬಾರ್ದು. ಇಷ್ಟೇ ಮಾರಾಯ್ತಿ ನಮ್ಮ ಕಾನೂನು." ಪಾರ್ಸಿಕ್ ಸುರಂಗ ಬರುವ ಮೊದಲೇ ಬಟಾಣಿ ಚೀಲದ ಮೇಲೆ ಕಾಗದವಿಟ್ಟು ಜೋಶಿಬಾಯಿ ಸಹಿ ಹಾಕಿದರು. ಕಂಪ್ಯೂಟರ್ ಮುಟ್ಟಿಯೂ ನೋಡದ ಉಪಾಧ್ಯಕ್ಷೆ ಬೇರೆ ಯಾವ ಸಂಸ್ಥೆಗೆ ಸಿಕ್ಕಾಳು?

ವರ್ತಕ ನಗರದಲ್ಲಿ ಸಂಸ್ಥೆಗೆಂದು ಹಿಡಿದ ಆ ಪುಟ್ಟ ಕೋಣೆಯಲ್ಲಿ ಭಾನುವಾರ ಫ್ಲಾಪಿಗಳಿಗೆ ಪ್ರೋಗ್ರಾಮ್ ತುಂಬಿಸಿ ಅಂಚೆಗೆ ಹಾಕುವ ಕೆಲಸ ನನ್ನದಾಯಿತು. ಜೊತೆಗಿಡುವ ಚೀಟಿಯನ್ನು ನನ್ನ ಬೇಲಾಪುರದ ಆಫೀಸಿನಲ್ಲಿ ಊಟದ ಹೊತ್ತಿಗೆ ಟೈಪ್ ಮಾಡಿದವಳೂ ನಾನೇ. "ಕೆಲಸ ಮುಗಿದ ಮೇಲೆ ಫ್ಲಾಪಿ ಹಿಂದಿರುಗಿಸಿ. ತಿದ್ದಿದ್ದರೆ, ತಿದ್ದಿದ್ದನ್ನು ಅದರೊಳಗೇ ಬರೆದು ಕಳಿಸಿ." ಆದರೆ ಅಕ್ಕಾ, ಹದಿನೈದು ವರ್ಷ ಟೈಪ್ ಮಾಡಿದವಳ ಬೆರಳು ಓದುತ್ತದೆ, ತಲೆ ಓದುವುದಿಲ್ಲ. ಸಾಹೇಬರ ಎಷ್ಟೋ ಗುಟ್ಟಿನ ಪತ್ರಗಳನ್ನು ಟೈಪ್ ಮಾಡಿದ್ದೇನೆ, ಒಂದರಲ್ಲೂ ಏನಿತ್ತೆಂದು ಹೇಳಲಾರೆ. ಈ ಚೀಟಿಯ ಗತಿಯೂ ಅದೇ ಆಯಿತು. ಹಿಂದಕ್ಕೆ ಬಂದ ಫ್ಲಾಪಿಗಳನ್ನು ಪಾತ್ರೆ ತೊಳೆದಷ್ಟೇ ಶ್ರದ್ಧೆಯಿಂದ ಪೂರ್ತಿ ಅಳಿಸಿ, ಅದೇ ಹಳೆಯ ಪ್ರೋಗ್ರಾಮ್ ತುಂಬಿಸಿ ಮತ್ತೊಬ್ಬರಿಗೆ ಕಳಿಸುತ್ತಿದ್ದೆ. ಒಳಗೇನಿದೆ ಎಂದು ಒಮ್ಮೆಯೂ ತೆರೆದು ನೋಡಲಿಲ್ಲ.

ಪ್ರತಿ ಸೋಮವಾರ ರೈಲಿನಲ್ಲಿ ನೀವು ಕೇಳುತ್ತಿದ್ದಿರಿ. "ಯಾರಾದ್ರೂ ಎಂತಾದ್ರೂ ಕಳ್ಸಿದ್ರಾ?" "ಬರೇ ಫ್ಲಾಪಿ ಬಂದಾವ್ರೀ ಅಕ್ಕಾ, ಬ್ಯಾರೆ ಏನಿಲ್ಲ" ಎನ್ನುತ್ತಿದ್ದೆ ನಾನು, ದೊಡ್ಡ ಜಾಣೆಯ ಹಾಗೆ. "ಅಡ್ಡಿಲ್ಲ, ಅವಸರ ಎಂತದು" ಎಂದು ನಗುತ್ತಿದ್ದಿರಿ. ಆದರೆ ಪತ್ರೊಡೆ ಡಬ್ಬಿ ಕೈಗಿಟ್ಟ ಆ ಬೆಳಿಗ್ಗೆ ಮಾತ್ರ ನಗಲಿಲ್ಲ. ಠಾಣೆ ಸ್ಟೇಷನ್ನಿನಲ್ಲಿ ನಾನು ಇಳಿಯಲು ಏಳುವಾಗ, "ಇಷ್ಟು ಜನರಲ್ಲಿ ಒಬ್ಬರಿಗೂ ವಾಪಸ್ ಕೊಡ್ಬೇಕು ಅಂತ ಅನ್ನಿಸ್ಲಿಲ್ವಾ ಶಾಂತಾ?" ಎಂದಿರಿ. ಹಿಂದಿನವರು ದೂಡಿದರು, ಇಳಿದುಬಿಟ್ಟೆ. ಅದೇ ವಾರ ನಿಮ್ಮ ಹೃದಯ ನಿಂತುಹೋಯಿತು. ಉತ್ತರ ನಾಳೆ ಹೇಳಿದರಾಯಿತು ಎಂದುಕೊಂಡಿದ್ದೆ, ಆದರೆ ಏನು ಹೇಳುತ್ತಿದ್ದೆನೋ...

ನೀವು ಹೋದ ಎರಡು ತಿಂಗಳಿಗೆ ಮಲ್ಲಪ್ಪ ಎಂಬುವರು ಕೋಣೆಗೆ ಬಂದರು. ರಾಯಚೂರಿನವರು, ಕಲ್ಯಾಣದ ಒಂದು ಶಾಲೆಯಲ್ಲಿ ಗುಮಾಸ್ತರು. ಮುಖ ಬಿಗಿದಿತ್ತು. "ಬಾಯಾರ, ನಾ ಎರಡು ತಿಂಗಳ ಕುಂತು ತಿದ್ದಿ ಕಳಿಸೀನಿ. ಇನ್ನೊಂದು ಪ್ರತಿ ಕೇಳಿದ್ರ ಅದೇ ಹಳೇದು ಕಳಿಸೀರಲ್ಲ? ನನ್ನ ಕೆಲಸ ನಿಮಗ ಸೇರಲಿಲ್ಲೇನು?" ತಮ್ಮ ಬಳಿ ಇದ್ದ ಪ್ರತಿಯನ್ನು ಕಂಪ್ಯೂಟರಿಗೆ ಹಾಕಿ ತೋರಿಸಿದರು. ಪುಸ್ತಕಗಳ ಹೆಸರು ಅಕಾರಾದಿಯಾಗಿ, ಒತ್ತಕ್ಷರ ಬಂದಲ್ಲೂ ತಪ್ಪದೆ, ಸಾಲಾಗಿ ನಿಂತಿದ್ದವು. ನೀವು ಒಂದು ವರ್ಷ ತಲೆ ಕೆಡಿಸಿಕೊಂಡಿದ್ದು ಅದಕ್ಕೇ ಅಲ್ಲವೇ? ನಾನು ಅಳಿಸಿ ತೊಳೆದಿಟ್ಟ ಆ ಫ್ಲಾಪಿ ಡಬ್ಬಿಗಳು ಬರಿದಾಗಿ ಬಂದಿರಲಿಲ್ಲ ಎಂದು ಆಗ ತಿಳಿಯಿತು.

ಮಲ್ಲಪ್ಪನವರ ಎದುರೇ ಅತ್ತುಬಿಟ್ಟೆ. ಅವರು ಗಾಬರಿಯಾಗಿ ನೀರು ತಂದುಕೊಟ್ಟು, "ಅಳಬ್ಯಾಡ್ರಿ. ಕಳಿಸಿದವರ ವಿಳಾಸ ಅದಾವಿಲ್ಲ?" ಎಂದರು. ಅಂಚೆ ಪುಸ್ತಕದಲ್ಲಿ ಇದ್ದವು. ಫ್ಲಾಪಿ ಹಿಂದಿರುಗಿಸಿದ ಎಲ್ಲರಿಗೂ ಕಾರ್ಡು ಬರೆದೆ: ನೀವು ಕಳಿಸಿದ್ದನ್ನು ನೋಡದೆ ಅಳಿಸಿದವಳು ನಾನು, ದಯವಿಟ್ಟು ಇನ್ನೊಮ್ಮೆ ಕಳಿಸಿ. ಈ ಸಲ ಒಂದೊಂದು ಪದವನ್ನೂ ಓದಿಕೊಂಡೇ ಬರೆದೆ. ಧಾರವಾಡದ ನಿವೃತ್ತ ಮೇಷ್ಟ್ರೊಬ್ಬರು ಎರಡು ಪುಟ ಬೈದು, ಮೂರನೆಯ ಪುಟದಲ್ಲಿ ಆಶೀರ್ವಾದ ಮಾಡಿ, ಫ್ಲಾಪಿ ಕಳಿಸಿದರು. ಹದಿನಾಲ್ಕು ಜನ ತಿದ್ದಿದ್ದರಂತೆ ಅಕ್ಕಾ! ಮೂವರ ಬಳಿ ಪ್ರತಿ ಉಳಿದಿರಲಿಲ್ಲ, ಅದು ಹೋದದ್ದೇ. ಉಳಿದವರದನ್ನೆಲ್ಲ ಮಲ್ಲಪ್ಪನವರು ಭಾನುವಾರ ಭಾನುವಾರ ಕೂತು ಜೋಡಿಸಿದರು. ಈಗ ಬಂದ ಫ್ಲಾಪಿಗಳನ್ನು ನಾನೇ ಮೊದಲು ತೆರೆದು ನೋಡುತ್ತೇನೆ. ಜೋಶಿಬಾಯಿ ಪಕ್ಕದಲ್ಲೇ ಕೂತು ಕಾವಲು ಕಾಯುತ್ತಾರೆ, ನನ್ನ ಮೇಲೆ ಅವರಿಗೆ ಅಷ್ಟು ನಂಬಿಕೆ!

ಹೊಸ ಪ್ರೋಗ್ರಾಮ್ ಮೊನ್ನೆ ಸಿದ್ಧವಾಯಿತು. ತೆರೆದ ಕೂಡಲೇ ನಿಮ್ಮ ಹೆಸರು, ಅದರ ಕೆಳಗೆ ಅವರೆಲ್ಲರ ಹೆಸರು, ಪ್ರತಿ ಕಳೆದುಕೊಂಡ ಆ ಮೂವರದೂ. ನಾಳೆ ಡೊಂಬಿವಲಿಯಲ್ಲಿ ಇಳಿದು ನಿಮ್ಮ ಮನೆಗೆ ಹೋಗುತ್ತೇನೆ. "ಆಂಟಿ, ಮಮ್ಮಿ ಕಾ ಡಬ್ಬಾ ಆಪ್ಕೇ ಪಾಸ್ ಹೈ ನಾ?" ಎಂದು ನಿಮ್ಮ ಮಗಳು ಎರಡು ಸಲ ಕೇಳಿದ್ದಾಳೆ. ಕೆಳಗೆ ಹೋಳಿಗೆ, ಮೇಲೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಹೊಸ ಫ್ಲಾಪಿ ಇಟ್ಟು ಕೊಡುತ್ತೇನೆ.

ಅಂದು ಠಾಣೆಯಲ್ಲಿ ನೀವು ಕೇಳಿದಿರಲ್ಲ, ಒಬ್ಬರಿಗೂ ಅನ್ನಿಸಲಿಲ್ಲವಾ ಎಂದು? ಅನ್ನಿಸಿತ್ತು ಅಕ್ಕಾ. ನೀವು ಕೇಳುವ ಮೊದಲೇ, ಹದಿನಾಲ್ಕು ಜನರಿಗೆ ಅನ್ನಿಸಿತ್ತು.

ನಿಮ್ಮ
ಶಾಂತಾ