ನಾಲ್ಕನೆಯ ಬೆರಳಿನ ಅಂಕಿ

ಜೂನ್ 4, ಬೆಳಿಗ್ಗೆ

ಧಾರಾವಾಹಿಯ ಅತ್ತೆ ಬಾಗಿಲಲ್ಲಿ ನಿಂತು ತಿರುಗಿ ನೋಡುವುದಕ್ಕೆ ಎಂಟು ಸೆಕೆಂಡ್ ಸಂಗೀತ. ಮಾಡಿ ಕಳಿಸಿದೆ. ಈ ಅತ್ತೆ ತಿರುಗುವುದು ನಾನೂರನೆಯ ಸಲ ಇರಬೇಕು.

ಇಪ್ಪತ್ತೈದು ಕೀಗಳ ಪುಟ್ಟ ಕೀಬೋರ್ಡು ಮತ್ತೆ ಕೈಕೊಟ್ಟಿತು. ನಡುನಡುವೆ ಒಂದೊಂದು ಸ್ವರ ಸಣ್ಣಗೆ ಬೀಳುತ್ತದೆ. ಕೀ ಒತ್ತಿದ ಜೋರಿಗೆ ತಕ್ಕ ಹಾಗೆ ಪರದೆಯ ಮೇಲೆ ಅಂಕಿ. ಒಂದರಿಂದ ನೂರಿಪ್ಪತ್ತೇಳು. ನಲವತ್ತು ಬಿದ್ದಲ್ಲಿ ಮೌಸಿನಿಂದ ಎಳೆದು ಎಪ್ಪತ್ತು ಮಾಡುವುದು. ವರ್ಷಗಳಿಂದ ಇದೇ. ಹಲ್ಲುಜ್ಜಿದ ಹಾಗೆ.

ಜೂನ್ 6

ಡೈರೆಕ್ಟರಮ್ಮನ ಫೋನ್. ಹತ್ತು ವರ್ಷದ ಹಿಂದೆ ಒಂದು ಜಾಹೀರಾತು ಒಟ್ಟಿಗೆ ಮಾಡಿದ್ದೆವು. ಈಗ ಸಿನಿಮಾ. ಮಾತು ಕಡಿಮೆ, ವಾದ್ಯ ಪಿಯಾನೋ ಒಂದೇ. ಒಂದೇ ಷರತ್ತು.

“ಕೈಯಲ್ಲಿ ನುಡಿಸಿದ್ದು ಬೇಕು ನಂಗೆ. ಮೌಸಲ್ಲಿ ತಿದ್ದಿದ್ದು ಬೇಡ. ಗೊತ್ತಾಗುತ್ತೆ.”

ಹೂಂ ಅಂದೆ. ತಿಂಗಳ ಕೊನೆಗೆ ಮನೆಗೇ ಬಂದು, ಪಕ್ಕದಲ್ಲಿ ಕೂತು ಕೇಳುತ್ತಾರಂತೆ.

ಫೋನ್ ಇಟ್ಟು ಕೀಬೋರ್ಡು ಒರೆಸಿದೆ, ಮತ್ತೊಮ್ಮೆ ಒರೆಸಿದೆ. ಖುಷಿಯೇ ಇರಬೇಕು. ಗುರುತು ಹಿಡಿಯಲು ಸಮಯ ಬೇಕಾಯಿತು.

ಜೂನ್ 9

ಅಂಗಡಿ. ನಲವತ್ತೊಂಬತ್ತು ಕೀಗಳದ್ದು, ಅರವತ್ತೊಂದರದ್ದು, ಎಂಬತ್ತೆಂಟರದ್ದು. ಕೆಲವಕ್ಕೆ ಬಣ್ಣದ ಪ್ಯಾಡು, ತಿರುಗಿಸುವ ನಾಬು, ನನಗೆಂದೂ ಬೇಕಾಗದ ದೀಪಗಳು. ಎಂಬತ್ತೆಂಟರದ್ದು ಪಿಯಾನೋದ ಹಾಗೆ ಭಾರದ ಕೀ, ಉದ್ದ ಹೆಣ ಹೊರುವಷ್ಟು. ನಮ್ಮ ಕೋಣೆಗೆ ಹಿಡಿಸುವುದಿಲ್ಲ. ಅರವತ್ತೊಂದು ತಂದೆ. ಅರೆಭಾರದ ಕೀ. ಅರೆಮನಸ್ಸಿಗೆ ಸಾಕು.

ಜೂನ್ 12

ಸಿನಿಮಾದ ಮೊದಲ ರಾಗ ಕೂಡಿಬಂತು. ಆದರೆ ಇದರಲ್ಲೂ ಸ್ವರ ಬೀಳುತ್ತದೆ. ಹಳೆಯದರಲ್ಲಿ ಬೀಳುತ್ತಿದ್ದ ಸ್ವರವಲ್ಲ, ಬೇರೆ. ನಲವತ್ತೊಂದು. ಮೂವತ್ತೊಂಬತ್ತು.

ಸೆಟಿಂಗ್ ಮೆದು ಮಾಡಿ ನೋಡಿದೆ, ಮೆಲ್ಲಗೆ ಒತ್ತಿದರೂ ಜೋರು ಬರುವ ಹಾಗೆ. ಬಿದ್ದ ಸ್ವರ ಎದ್ದಿತು. ಮಿಕ್ಕವೆಲ್ಲ ಕಿರುಚಿದವು.

ಜೂನ್ 14

ಅರವತ್ತೊಂದನ್ನು ವಾಪಸ್ ಕೊಟ್ಟು ಎಂಬತ್ತೆಂಟು ತಂದೆ. ಹೆಂಡತಿಯ ಇಸ್ತ್ರಿ ಮೇಜು ಕೋಣೆಯಿಂದ ಹಜಾರಕ್ಕೆ ಹೋಯಿತು.

“ಮೇಜು ಆಚೆ, ಇದು ಈಚೆ. ಸರಿ. ನನ್ನನ್ನ ಎಲ್ಲಿ ಇಡ್ತೀರಿ ಅನ್ನೋದನ್ನೂ ಈಗಲೇ ಹೇಳ್ಬಿಡಿ.”

ಸಂಜೆ ಮತ್ತೆ ಸ್ವರ ಬಿತ್ತು. ಗೊಣಗಿದೆ. ಕುಣಿಯಲಾರದವಳಿಗೆ ನೆಲ ಡೊಂಕಂತೆ ಎಂದು ನಕ್ಕಳು. ನಾನು ನಗದಿದ್ದುದನ್ನು ಕಂಡು ಅವಳೂ ನಿಲ್ಲಿಸಿದಳು.

ಜೂನ್ 17, ಮಧ್ಯಾಹ್ನ

ಕೀಬೋರ್ಡನ್ನು ಆಟೋದಲ್ಲಿ ಅಡ್ಡ ಮಲಗಿಸಿಕೊಂಡು ಅಂಗಡಿಗೆ. ಅಂಗಡಿಯವನು ಕಂಪ್ಯೂಟರಿಗೆ ಜೋಡಿಸಿ, ತೋರುಬೆರಳಿನಿಂದ ಎಂಬತ್ತೆಂಟು ಕೀಗಳನ್ನೂ ಒಂದೊಂದಾಗಿ ಒತ್ತಿದ. ಎಪ್ಪತ್ತು, ಎಪ್ಪತ್ತೆರಡು, ಅರವತ್ತೊಂಬತ್ತು. ಕಾಳು ಎಣಿಸಿದ ಹಾಗೆ.

ನೀವೊಂದು ಸಲ ನುಡಿಸಿ ಸಾರ್ ಎಂದ. ನುಡಿಸಿದೆ. ಅವನು ಪರದೆ ನೋಡುತ್ತಿದ್ದ. ಆಮೇಲೆ ನನ್ನ ಬಲಗೈ ನೋಡಿದ. ಆಮೇಲೆ ಬೀದಿ ನೋಡಿದ.

“ಒಂದೊಂದು ಪೀಸ್ ಹೀಗೇ ಬರುತ್ತೆ ಸಾರ್. ಬದಲಾಯಿಸಿ ಕೊಡ್ತೀನಿ.”

ಅವನು ಸುಳ್ಳು ಹೇಳಿದ. ನನಗೆ ಗೊತ್ತಾಯಿತು. ಗೊತ್ತಾದದ್ದು ಅವನಿಗೂ ಗೊತ್ತಾಯಿತು. ಇಬ್ಬರೂ ಸೇರಿ ಹೊಸ ಡಬ್ಬ ಹೊತ್ತು ಆಟೋಗೆ ಹಾಕಿದೆವು. ಅವನು ಭಾರದ ತುದಿ ಹಿಡಿದ.

ಜೂನ್ 18

ಡಬ್ಬ ಬಿಚ್ಚಿಲ್ಲ. ಹಳೆಯ ಫೈಲುಗಳನ್ನು ತೆಗೆದು ಕೂತೆ. ಕಳಿಸಿದವುಗಳಲ್ಲಿ ಏನೂ ಇಲ್ಲ, ಎಲ್ಲ ತಿದ್ದಿದವು, ಎಲ್ಲ ಎಪ್ಪತ್ತು. ಬದಿಗೆ ತಳ್ಳಿದ, ತಿದ್ದುವ ಮೊದಲಿನ ಟೇಕುಗಳಲ್ಲಿ ಎಲ್ಲ ಇದೆ. ಬಲಗೈಯ ನಾಲ್ಕನೆಯ ಬೆರಳು, ಅದೇ ಉಂಗುರದ್ದು, ಬೀಳುವ ಜಾಗ ನನಗೆ ಕಣ್ಣುಮುಚ್ಚಿದರೂ ಗೊತ್ತು. ಆರು ವರ್ಷದ ಹಿಂದೆ ಎಪ್ಪತ್ತನಾಲ್ಕು. ಆಮೇಲೆ ಅರವತ್ತಾರು. ಐವತ್ತೆಂಟು. ಹೋದ ವರ್ಷ ನಲವತ್ತೇಳು.

ಪ್ರತಿದಿನ ನೋಡುತ್ತಿದ್ದೆ. ಪ್ರತಿದಿನ ಅಳಿಸುತ್ತಿದ್ದೆ.

ಇವಳಿಗೆ ಹೇಳಿದೆ. ಬಟ್ಟೆ ಮಡಿಸುತ್ತಿದ್ದಳು, ಮಡಿಸುತ್ತಲೇ ಹೇಳಿದಳು:

“ಎರಡು ವರ್ಷ ಆಯ್ತು, ಬಾಟ್ಲಿ ಮುಚ್ಚಳ ತೆಗಿ ಅಂತ ನನ್ನ ಕೈಗೆ ಕೊಡೋಕೆ ಶುರು ಮಾಡಿ. ಪ್ರೀತಿ ಜಾಸ್ತಿ ಆಯ್ತೇನೋ ಅಂದ್ಕೊಂಡೆ.”

ಜೂನ್ 25

ನರದ ಡಾಕ್ಟರು. ಸೂಜಿ, ತಂತಿ, ಇನ್ನೊಂದು ಪರದೆ, ಇನ್ನಷ್ಟು ಅಂಕಿ. ಮೊಣಕೈಯಲ್ಲಿ ನರ ಒತ್ತಿಹೋಗಿದೆ. ಸಣ್ಣ ಆಪರೇಷನ್. ಹೋದ ಬಲ ಪೂರ್ತಿ ಬರುತ್ತದೆಂದು ಮಾತು ಕೊಡಲಾರರು, ಇರುವುದನ್ನು ಉಳಿಸಿಕೊಳ್ಳಬಹುದು. ಏನು ಕೆಲಸ ಎಂದು ಕೇಳಿದರು. ಕಂಪ್ಯೂಟರ್ ಕೆಲಸ ಎಂದೆ.

ಜೂನ್ 27

ತಿದ್ದಿಟ್ಟ ಒಂದು ಟೇಕ್ ಸಿದ್ಧವಿದೆ. ಡೈರೆಕ್ಟರಮ್ಮ ಬಂದಾಗ ಅದನ್ನು ಹಾಕಿ, ಮೇಲೆ ಬೆರಳಾಡಿಸಿದರೆ ಮುಗಿಯಿತು. ಶಬ್ದ ಕೀಬೋರ್ಡಿನಿಂದ ಬರುವುದೇ ಇಲ್ಲವಲ್ಲ, ಕಂಪ್ಯೂಟರಿನಿಂದ. ಯಾರಿಗೂ ತಿಳಿಯದು. ಅಭ್ಯಾಸ ಮಾಡಿ ನೋಡಿದೆ ಕೂಡ. ಸುಲಭ. ಅರ್ಧಕ್ಕೇ ಕೈ ತೆಗೆದೆ.

ಜೂನ್ 30

ಡೈರೆಕ್ಟರಮ್ಮ ಬಂದರು. ಇಸ್ತ್ರಿ ಮೇಜು ದಾಟಿ, ಚಪ್ಪಲಿ ಎಲ್ಲಿ ಬಿಡಲಿ ಎನ್ನುತ್ತ. ತಿದ್ದಿಟ್ಟ ಫೈಲು ತೆರೆದೇ ಇತ್ತು. ಮುಚ್ಚಿದೆ. ಹಾಗೇ ನುಡಿಸಿದೆ, ನಾಲ್ಕು ನಿಮಿಷ. ಮೊದಲೇ ಏನೂ ಹೇಳಿರಲಿಲ್ಲ.

“ಒಂದು ಸ್ವರ ಜಾರ್ತಿದೆ ಅಲ್ವಾ?”

ಬೆರಳು ತೋರಿಸಿದೆ. ಎಲ್ಲ ಹೇಳಿದೆ. ಅವರು ಸಮಾಧಾನ ಮಾಡಲಿಲ್ಲ. ಅದಕ್ಕೆ ಋಣಿ. ನಿಧಾನದ ರಾಗ ಮೂರು ನೀವೇ ನುಡಿಸಿ, ಓಟದವು ನಿಮ್ಮ ಕೈಲಾಗುವುದಿಲ್ಲ, ಬೇರೆಯವರು ನುಡಿಸಲಿ ಎಂದರು. ಬರೆದದ್ದು ಮಾತ್ರ ಎಲ್ಲವೂ ನಾನೇ. ಪಿಯಾನೋ ಕಲಿಸುವ ಟೀಚರೊಬ್ಬರಿದ್ದಾರೆ, ಈ ಕೋಣೆಯಲ್ಲೇ, ಈ ಕೀಬೋರ್ಡಿನಲ್ಲೇ ಆಗಬಹುದೇ ಎಂದು ಅವರೇ ಕೇಳಿದರು.

ಆಗಬಹುದು ಅಂದೆ. ನನ್ನ ಬಾಯಿಂದಲೇ ಬಂತು.

ಜುಲೈ 8, ಹನ್ನೊಂದು ಗಂಟೆ

ಅಡುಗೆಮನೆಯಲ್ಲಿ ಬರೆಯುತ್ತಿದ್ದೇನೆ. ಒಳಗೆ ಟೀಚರು ನುಡಿಸುತ್ತಿದ್ದಾರೆ. ಬಂದವರೇ ಸ್ಟೂಲು ಎರಡು ಸುತ್ತು ಇಳಿಸಿದರು. ನನ್ನ ಓಟದ ರಾಗ. ಬರೆದಾಗ ತಲೆಯಲ್ಲಿ ಕೇಳಿದ ಹಾಗೇ ಇದೆ. ನನ್ನ ಕೈಯಲ್ಲಿ ಅದು ಒಂದು ಸಲವೂ ಹಾಗೆ ಕೇಳಿರಲಿಲ್ಲ. ಒಂದು ಸ್ವರವೂ ಬೀಳುತ್ತಿಲ್ಲ.

ಕೀಬೋರ್ಡು ಒಳ್ಳೆಯದೇ.

ಇವಳು ಒಲೆ ಸಣ್ಣ ಮಾಡಿ ನಿಂತು ಕೇಳುತ್ತಿದ್ದಾಳೆ. ನನ್ನ ಕಡೆ ನೋಡುತ್ತಿಲ್ಲ. ಮುಗಿಯಿತು. ಈಗ ನಿಧಾನದ್ದು, ನನ್ನದು. ಟೀಚರು ಬಾಗಿಲಿಗೆ ಬಂದು ಕರೆಯುತ್ತಿದ್ದಾರೆ, ಬನ್ನಿ ಸಾರ್, ಸ್ಟೂಲು ನಿಮ್ಮ ಎತ್ತರಕ್ಕೆ ಏರಿಸಿದ್ದೇನೆ, ಸರಿಯಿದೆಯಾ ನೋಡಿ ಎಂದು. ಹೋಗಬೇಕು. ಮೊದಲ ಸ್ವರ ಬೀಳುವುದೇ ನಾಲ್ಕನೆಯ ಬೆರಳಿಗೆ.